ಮೋಟರ್ ಸುತ್ತೋ ಮಾಮನಿಗೆ ಎಷ್ಟು ಕ್ರೆಡಿಟ್ ಕೊಡ್ತೀರಿ?

ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ನನ್ನ ಸೋದರಮಾವನದ್ದು ಮೋಟರ್ ರಿವೈಂಡಿಂಗ್ ಅಂಗಡಿ. ಅಂಗಡಿ ಅಂದ್ರೆ ತಗಡಿನ ಶೀಟು, ಒಂದು ಕಟ್ಟೆ, ಮೊಳೆಗೆ ನೇತುಹಾಕಿದ ತಾಮ್ರದ ತಂತಿ ಸುರುಳಿಗಳು, ಸದಾ ವಾರ್ನಿಷ್ ವಾಸನೆ. ಭತ್ತದ ನಾಟಿ ಶುರುವಾಯ್ತು ಅಂದ್ರೆ ಕಟ್ಟೆ ಮುಂದೆ ಸುಟ್ಟ ಪಂಪ್‌ಸೆಟ್ ಮೋಟರ್‌ಗಳ ಸಾಲು. ನಾನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ ರಜೆಯಲ್ಲಿ ಅಲ್ಲೇ ಕೂತಿದ್ದೆ. ರೈತರೊಬ್ಬರು ಐದು ಎಚ್‌ಪಿ ಮೋಟರ್ ತಂದು ಇಳಿಸಿದರು. ಮಾಮ ಕವರ್ ಬಿಚ್ಚಿ ಒಳಗೊಮ್ಮೆ ಇಣುಕಿ, "ಒಂದು ಫೇಸ್ ಹೋಗೈತಿ, ಗೊತ್ತಾಗ್ಲಾರದ ಹಂಗ ಓಡ್ಸೀರಿ" ಅಂದರು.

ಹೆಂಗೆ ಗೊತ್ತಾಯ್ತು ಅಂತ ಕೇಳಿದೆ. ಮೂರು ಗುಂಪು ಕಾಯಿಲ್‌ಗಳಲ್ಲಿ ಎರಡು ಕರ‍್ರಗಾಗಿ, ಒಂದು ಮಾತ್ರ ಹೊಸದರ ಹಾಗೆ ಹೊಳೀತಿತ್ತು. ಸ್ಟಾರ್ ಕನೆಕ್ಷನ್ ಮೋಟರ್‌ನಲ್ಲಿ ಹೀಗಾದ್ರೆ ಒಂದು ಫೇಸ್ ಕರೆಂಟ್ ಬಂದಿಲ್ಲ ಅಂತ ಅರ್ಥ. ಎಲ್ಲವೂ ಒಂದೇ ಸಮ ಕಪ್ಪಾಗಿದ್ರೆ ಲೋಡ್ ಜಾಸ್ತಿಯಾಗಿದೆ, ಇಲ್ಲಾ ವೋಲ್ಟೇಜ್ ಬಿದ್ದಿದೆ. ಅದೇ ಸೆಮಿಸ್ಟರ್‌ನಲ್ಲಿ ನಾನು ಇದೇ ಸಂಗತಿಯನ್ನು ಸಮೀಕರಣಗಳಲ್ಲಿ ಬರೆದು ಪಾಸಾಗಿದ್ದೆ. ಸುಟ್ಟ ಮೋಟರ್ ಒಂದನ್ನು ಕಣ್ಣಿಂದ ನೋಡಿದ್ದು ಮಾತ್ರ ಅವತ್ತೇ ಮೊದಲು.

ಮಾಮ ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವರು. 24 ವರ್ಷದಿಂದ ಮೋಟರ್ ಸುತ್ತುತ್ತಿದ್ದಾರೆ.

2023ರ ಬರದಲ್ಲಿ ನಾಟಿಯೇ ಕಡಿಮೆಯಾಯ್ತು, ಮೋಟರ್ ಸುಡೋದೂ ಕಡಿಮೆಯಾಯ್ತು. ಲೇಬರ್ ಕಾಂಟ್ರಾಕ್ಟರ್ ಒಬ್ಬರ ಮೂಲಕ ಮಾಮ ಒಂದು ಫ್ಯಾಕ್ಟರಿಯ ಮೆಂಟೇನೆನ್ಸ್ ಸೆಕ್ಷನ್ ಸೇರಿದರು. ಮಾಡಿಸಿಕೊಂಡದ್ದು ಮೋಟರ್ ರಿಪೇರಿ ಕೆಲಸವನ್ನೇ. ಮಸ್ಟರ್‌ನಲ್ಲಿ ಬರೆದದ್ದು 'ಹೆಲ್ಪರ್' ಅಂತ. ಅಂದ್ರೆ ಕುಶಲವಲ್ಲದ ಕೆಲಸಗಾರ. ಪಕ್ಕದಲ್ಲಿ ಐಟಿಐ ಮುಗಿಸಿ ಬಂದ ಇಪ್ಪತ್ತೊಂದರ ಹುಡುಗ 'ಟೆಕ್ನಿಷಿಯನ್'. ಹುಡುಗ ಒಳ್ಳೆಯವನೇ, ಕೆಲಸ ಕಲಿತದ್ದು ಮಾಮನ ಹತ್ತಿರ. ಸಂಬಳ ಮಾತ್ರ ಅವನಿಗೆ ಹೆಚ್ಚು. ಆರು ತಿಂಗಳಾದ ಮೇಲೆ ಮಾಮ ವಾಪಸ್ ಕರೂರಿಗೆ ಬಂದರು. "ನೋಡು ಅಳಿಯಾ, ನನಗ ಕೆಲಸ ಬರ್ತೈತಿ ಅಂತ ಅವರಿಗೂ ಗೊತ್ತೈತಿ. ಗೊತ್ತೈತಿ ಅಂತ ಬರ್ಯಾಕ ಮಾತ್ರ ಆಗಂಗಿಲ್ಲ" ಅಂದರು.

ಈ 'ಬರ್ಯಾಕ ಆಗಂಗಿಲ್ಲ' ಅನ್ನೋದನ್ನ 'ಬರೆಯಬಹುದು' ಅಂತ ಮಾಡುವ ವ್ಯವಸ್ಥೆಗೆ ಜಗತ್ತಿನಲ್ಲಿ ಒಂದು ಹೆಸರಿದೆ. ರೆಕಗ್ನಿಷನ್ ಆಫ್ ಪ್ರಯರ್ ಲರ್ನಿಂಗ್, ಚಿಕ್ಕದಾಗಿ ಆರ್‌ಪಿಎಲ್. ಕನ್ನಡದಲ್ಲಿ ಪೂರ್ವ ಕಲಿಕೆಯ ಮಾನ್ಯತೆ. ಶಾಲೆ, ಕಾಲೇಜಿನ ಹೊರಗೆ, ಕೆಲಸದಲ್ಲಿ, ಹೊಲದಲ್ಲಿ, ಮನೆಯಲ್ಲಿ ಕಲಿತದ್ದನ್ನು ಪರೀಕ್ಷಿಸಿ, ಹೌದು ಇವರಿಗೆ ಇಷ್ಟು ಬರುತ್ತದೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳೋದು. ಆ ಲೆಕ್ಕದ ಮೇಲೆ ಕಾಲೇಜು ಸೇರಬಹುದು, ಕೋರ್ಸಿನ ಒಂದು ಭಾಗದಿಂದ ವಿನಾಯಿತಿ ಪಡೆಯಬಹುದು, ಕೆಲಸದಲ್ಲಿ ಮೇಲಿನ ದರ್ಜೆ ಕೇಳಬಹುದು. ಕಾಗದದ ಮೇಲೆ ಇದು ಭಾರತದಲ್ಲೂ ಇದೆ, ಹತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಇದೆ. ಹಾಗಾದ್ರೆ ಕರೂರಿನ ಮಾಮನಿಗೆ ಯಾಕೆ ಸಿಗಲಿಲ್ಲ? ಅದನ್ನು ಬಿಡಿಸಿ ನೋಡೋದೇ ಈ ಲೇಖನದ ಕೆಲಸ.

ಇದು ಕಾರ್ಮಿಕ ಸಂಘಗಳ ಕೂಸು

ನಮ್ಮಲ್ಲಿ 'ಸ್ಕಿಲ್' ಅನ್ನೋ ಪದ ಕೇಳಿದ ಕೂಡಲೇ ಪೋಸ್ಟರ್, ಮಂತ್ರಿಗಳ ಫೋಟೊ, ಟ್ರೈನಿಂಗ್ ಪಾರ್ಟ್‌ನರ್ ಇವೆಲ್ಲ ಕಣ್ಣಿಗೆ ಬರುತ್ತವೆ. ಎಡಪಂಥೀಯ ಗೆಳೆಯರಂತೂ ಮೂಗು ಮುರೀತಾರೆ. ಆದರೆ ಆರ್‌ಪಿಎಲ್‌ನ ಒಂದು ಮುಖ್ಯ ಬೇರು ಇರೋದು ದಕ್ಷಿಣ ಆಫ್ರಿಕಾದ ಕಾರ್ಮಿಕ ಚಳವಳಿಯಲ್ಲಿ. ವರ್ಣಭೇದ ಆಡಳಿತದಲ್ಲಿ ಕಪ್ಪು ಕಾರ್ಮಿಕರಿಗೆ ಕುಶಲ ದರ್ಜೆಯ ಬಾಗಿಲು ಮುಚ್ಚಿತ್ತು. ಯಂತ್ರ ಓಡಿಸೋದು ಅವರೇ, ಹೊಸದಾಗಿ ಬಂದ ಬಿಳಿಯ ಮೇಲ್ವಿಚಾರಕನಿಗೆ ಹೇಳಿಕೊಡೋದೂ ಅವರೇ, ದಾಖಲೆಯಲ್ಲಿ ಮಾತ್ರ ಅವರು ಏನೂ ಕಲಿಯದವರು. ಲೋಹ ಕಾರ್ಮಿಕರ ಸಂಘ ನುಮ್ಸಾ ಮತ್ತು ಒಕ್ಕೂಟ ಕೊಸಾಟು, ನಾವು ಈಗಾಗಲೇ ಕಲಿತದ್ದನ್ನು ಲೆಕ್ಕಕ್ಕೆ ಹಿಡಿಯಿರಿ, ಅದಕ್ಕೆ ತಕ್ಕ ಕೂಲಿ ಕೊಡಿ ಅಂತ ಕೇಳಿದವು. ವರ್ಣಭೇದ ಹೋದ ಮೇಲೆ 1995ರಲ್ಲಿ ಬಂದ ಅರ್ಹತಾ ಪ್ರಾಧಿಕಾರದ ಕಾಯ್ದೆಯಲ್ಲಿ ಈ ಬೇಡಿಕೆಗೆ ಜಾಗ ಸಿಕ್ಕಿತು. ಆಮೇಲೆ ಅಲ್ಲೂ ಅದು ಕಡತಗಳಲ್ಲಿ ಸಿಕ್ಕಿಕೊಂಡು ನಿಧಾನವಾಯ್ತು, ಆ ಕತೆ ಬೇರೆ. ಹುಟ್ಟಿದ್ದು ಮಾತ್ರ ಅನ್ಯಾಯ ಸರಿಪಡಿಸುವ ದಾರಿಯಾಗಿ.

ಫ್ರಾನ್ಸ್ ಇನ್ನೂ ಮುಂದೆ ಹೋಯ್ತು. 2002ರ ಕಾನೂನಿನ ಪ್ರಕಾರ ಅಲ್ಲಿ ಕೆಲಸದ ಅನುಭವದ ಮೇಲೆ ಇಡೀ ಡಿಪ್ಲೊಮಾವನ್ನೇ, ಪದವಿಯನ್ನೇ ಪಡೆಯಬಹುದು. ಅನುಭವವನ್ನು ಬರವಣಿಗೆಯಲ್ಲಿ ಸಲ್ಲಿಸಬೇಕು, ತಜ್ಞರ ಮಂಡಳಿ ಮುಂದೆ ಕೂತು ಉತ್ತರಿಸಬೇಕು. ಮಂಡಳಿ ಪೂರ್ತಿ ಕೊಡಬಹುದು, ಒಂದು ಭಾಗ ಕೊಡಬಹುದು, ಇಲ್ಲ ಅನ್ನಲೂಬಹುದು. ಮೊದಲು ಮೂರು ವರ್ಷದ ಅನುಭವ ಬೇಕಿತ್ತು, 2016ರಲ್ಲಿ ಒಂದು ವರ್ಷಕ್ಕೆ ಇಳಿಸಿದರು. ಸಿಕ್ಕ ಪದವಿ, ಕ್ಲಾಸಿನಲ್ಲಿ ಕೂತು ಪಡೆದ ಪದವಿಗೆ ಸಮ. ಪಕ್ಕದಲ್ಲಿ ನಕ್ಷತ್ರ ಚಿಹ್ನೆ ಹಾಕೋದಿಲ್ಲ.

ನಮ್ಮಲ್ಲಿ ಬಂದದ್ದು ಹೇಗೆ

2013ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಅಧಿಸೂಚಿಸಿತು. ಕೌಶಲಗಳನ್ನು ಮೆಟ್ಟಿಲುಗಳಾಗಿ ಜೋಡಿಸುವ ಏಣಿ ಅದು. ಹಿಂದಿನ ಸರ್ಕಾರ ಹೋಗಿ ಹೊಸ ಸರ್ಕಾರ ಬಂದು, 2015ರ ಜುಲೈನಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಶುರುವಾಯ್ತು. ಅದರೊಳಗೆ ಆರ್‌ಪಿಎಲ್ ಒಂದು ಭಾಗ. ಜನರನ್ನು ಸೇರಿಸೋದು, ಮಾತಾಡಿಸಿ ಆರಿಸೋದು, ಒಂದಿಷ್ಟು ಓರಿಯೆಂಟೇಷನ್, ಪರೀಕ್ಷೆ, ಪ್ರಮಾಣಪತ್ರ: ಇದು ಕ್ರಮ. 2016ರಿಂದ ನಡೆದ ಎರಡನೇ ಸುತ್ತಿನಲ್ಲಿ ಆ ಓರಿಯೆಂಟೇಷನ್ 12 ಗಂಟೆಯದು. ಆರು ಗಂಟೆ ಕೆಲಸಕ್ಕೆ ಸಂಬಂಧಿಸಿದ್ದು, ನಾಲ್ಕು ಗಂಟೆ ಸಾಫ್ಟ್ ಸ್ಕಿಲ್ ಮತ್ತು ಉದ್ಯಮಶೀಲತೆ, ಎರಡು ಗಂಟೆ ಪರೀಕ್ಷೆ ಬರೆಯೋದು ಹೇಗೆ ಅಂತ. ಪಾಸಾದವರ ಖಾತೆಗೆ 500 ರೂಪಾಯಿ.

ಮಾಮ ಇಂಥದ್ದೊಂದು ಶಿಬಿರಕ್ಕೆ ಹೋಗಿದ್ದರು. ಎರಡು ದಿನ ಅಂಗಡಿ ಬಂದ್. ಒಬ್ಬ ಯುವಕ ಬಂದು ಕೈ ತೊಳೆಯೋದರ ಮಹತ್ವ, ಗ್ರಾಹಕರ ಜೊತೆ ನಗುನಗುತ್ತಾ ಮಾತಾಡೋದು ಹೇಗೆ ಅಂತ ಹೇಳಿದನಂತೆ. ಮೋಟರ್ ಬಿಚ್ಚಿಸಲಿಲ್ಲ. ಮೊಬೈಲ್‌ನಲ್ಲಿ ಪ್ರಶ್ನೆ, ಸರಿ ಉತ್ತರಕ್ಕೆ ಒತ್ತಬೇಕು. ಫೋಟೊ ತೆಗೆದರು. ಪ್ರಮಾಣಪತ್ರ ಬಂತು, ಮಾಮ ಅದನ್ನು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಿದ್ದಾರೆ. ಫ್ಯಾಕ್ಟರಿಗೆ ಹೋಗುವಾಗ ಬ್ಯಾಗಿನಲ್ಲಿಟ್ಟುಕೊಂಡು ಹೋಗಿದ್ದರು. ಗೇಟಿನಲ್ಲಿದ್ದವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಐಟಿಐ ಇಲ್ವಾ?" ಅಂದರಂತೆ.

ಇದು ನಮ್ಮ ಮಾಮನೊಬ್ಬರ ಕತೆ ಮಾತ್ರ ಅಂದುಕೊಳ್ಳಬೇಡಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿ ಈ ಯೋಜನೆಯ 2015ರಿಂದ 2022ರ ಅವಧಿಯನ್ನು ತಪಾಸಣೆ ಮಾಡಿತು. ಫಲಾನುಭವಿಗಳಲ್ಲಿ ಶೇ 90ಕ್ಕಿಂತ ಹೆಚ್ಚು ಜನರ ಬ್ಯಾಂಕ್ ಖಾತೆ ವಿವರದ ಜಾಗ ಖಾಲಿ, ಇಲ್ಲವೇ ಅರ್ಥವಿಲ್ಲದ ಅಂಕಿಗಳಿಂದ ತುಂಬಿತ್ತು. ಒಂದೇ ಫೋಟೊ ಬೇರೆ ಬೇರೆ ಜನರ ಹೆಸರಿನಲ್ಲಿತ್ತು. ಟಾರ್ಗೆಟ್ ಮುಟ್ಟೋದೇ ಉದ್ದೇಶವಾದಾಗ ಆರ್‌ಪಿಎಲ್ ಬಹಳ ಅನುಕೂಲದ ಬಾಬ್ತು. ಮೂರು ತಿಂಗಳು ತರಬೇತಿ ಕೊಡಬೇಕಿಲ್ಲ, ಆಮೇಲೆ ಕೆಲಸ ಕೊಡಿಸಿದ್ರಾ ಅಂತ ಯಾರೂ ಕೇಳೋದಿಲ್ಲ, ಹೇಗೂ ಅವರು ಕೆಲಸ ಮಾಡುತ್ತಲೇ ಇದ್ದಾರಲ್ಲ. ಎರಡು ದಿನದಲ್ಲಿ ಒಬ್ಬ 'ಸರ್ಟಿಫೈಡ್'. ಹೀಗೆ ಹಂಚಿದ ಕಾಗದವನ್ನು ಗೇಟಿನವರು ನಂಬಲಿಲ್ಲ ಅಂದ್ರೆ ತಪ್ಪು ಗೇಟಿನವರದ್ದು ಮಾತ್ರವಲ್ಲ.

ಕಾನೂನಿನ ಕಡೆ ಬನ್ನಿ. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆ, ಕನಿಷ್ಠ ಕೂಲಿ ನಿಗದಿ ಮಾಡುವಾಗ ಕೆಲಸಗಾರರ ಕೌಶಲವನ್ನು ನೋಡಬೇಕು ಅನ್ನುತ್ತೆ. ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಅಂತ ನಾಲ್ಕು ದರ್ಜೆ. ಹಳೆಯ ಕನಿಷ್ಠ ವೇತನ ಪದ್ಧತಿಯಲ್ಲೂ ಹೀಗೇ ಇತ್ತು. ಆದರೆ ಸರ್ಕಾರವೇ ಕೊಟ್ಟ ಆರ್‌ಪಿಎಲ್ ಪತ್ರ ತಂದವರನ್ನು ಇಂಥ ದರ್ಜೆಗೆ ಏರಿಸಲೇಬೇಕು ಅನ್ನೋ ಕೊಂಡಿ ಇಲ್ಲ. ಕೌಶಲ ಇಲಾಖೆ ಒಂದು ಕಟ್ಟಡದಲ್ಲಿ, ಕಾರ್ಮಿಕ ಇಲಾಖೆ ಇನ್ನೊಂದು ಕಟ್ಟಡದಲ್ಲಿ. ನಡುವೆ ನಿಂತವನು ಹೆಲ್ಪರ್.

57,600 ಗಂಟೆಯ ಲೆಕ್ಕ

ಇಂಜಿನಿಯರ್ ಅಂದ ಮೇಲೆ ಲೆಕ್ಕ ಹಾಕದೆ ಬಿಡೋಕಾಗಲ್ಲ.

2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಬಂತು. ಶಾಲೆ, ಕಾಲೇಜು, ಐಟಿಐ, ಕೆಲಸದ ಅನುಭವ ಎಲ್ಲವನ್ನೂ ಒಂದೇ ನಾಣ್ಯದಲ್ಲಿ ಅಳೆಯೋಣ ಅನ್ನೋದು ಅದರ ಆಸೆ. 30 ಗಂಟೆ ಕಲಿಕೆಗೆ ಒಂದು ಕ್ರೆಡಿಟ್. ವರ್ಷಕ್ಕೆ 1,200 ಗಂಟೆ, ಅಂದ್ರೆ 40 ಕ್ರೆಡಿಟ್. ಹತ್ತನೇ ಕ್ಲಾಸು ಮೂರನೇ ಮೆಟ್ಟಿಲು, ಪಿಯುಸಿ ನಾಲ್ಕನೇದು, ಪದವಿಯ ಮೊದಲ ವರ್ಷ ನಾಲ್ಕೂವರೆ, ಪಿಎಚ್‌.ಡಿ ಎಂಟು.

ಮಾಮ ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 300 ದಿನ ಕೆಲಸ ಮಾಡ್ತಾರೆ ಅಂದುಕೊಳ್ಳಿ (ನಾಟಿ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೂ ಇರ್ತಾರೆ, ಅದು ಬಿಡಿ). 24 ವರ್ಷಕ್ಕೆ 57,600 ಗಂಟೆ. 1,200ರಿಂದ ಭಾಗಿಸಿದರೆ 48 ವರ್ಷದ ಓದಿಗೆ ಸಮ. ಮಾಮ ಎಷ್ಟು ಪಿಎಚ್‌.ಡಿ ಮಾಡಿದಂಗಾಯ್ತು ನೀವೇ ಹೇಳಿ.

ಖಂಡಿತ ಲೆಕ್ಕ ಹಾಗಲ್ಲ. ಇಪ್ಪತ್ತನೇ ವರ್ಷ ಸುತ್ತಿದ ಮೋಟರ್‌ನಲ್ಲಿ ಹೊಸ ಕಲಿಕೆ ಅಷ್ಟೇನೂ ಇರೋದಿಲ್ಲ, ಅದು ನ್ಯಾಯವೇ. ಗಂಟೆ ಬೇರೆ, ಕಲಿಕೆ ಬೇರೆ. ಚೌಕಟ್ಟು ಹೇಳೋದು ಇಷ್ಟು: ಮೊದಲು ಒಂದು ಮಾನ್ಯ ಕೋರ್ಸಿನ ಅಳತೆಯಲ್ಲಿ ಪರೀಕ್ಷೆ ಆಗಬೇಕು, ಆಗ ಸಿಕ್ಕ ಕ್ರೆಡಿಟ್‌ಗೆ ಅನುಭವದ ತೂಕ ಸೇರಿಸ್ತೀವಿ. ಏಳು ವರ್ಷ ದಾಟಿದವರಿಗೆ ಗರಿಷ್ಠ ಎರಡು ಪಟ್ಟು. ಉದಾಹರಣೆಗೆ, 300 ಗಂಟೆಯ ಒಂದು ಕೋರ್ಸಿಗೆ 10 ಕ್ರೆಡಿಟ್. ಮಾಮ ಅದರಲ್ಲಿ ಪಾಸಾದರೆ 10ಕ್ಕೆ ಎರಡು ಪಟ್ಟು, 20. ವರ್ಷಕ್ಕೆ 40 ಕ್ರೆಡಿಟ್ ಅಂದೆನಲ್ಲ, 24 ವರ್ಷದ ದುಡಿಮೆಗೆ ಸಿಕ್ಕಿದ್ದು ಆರು ತಿಂಗಳು.

ಇನ್ನೊಂದು ತೊಡಕು. ಕ್ರೆಡಿಟ್‌ಗೆ ಮೆಟ್ಟಿಲೂ ಅಂಟಿಕೊಂಡಿದೆ. ಮೂರನೇ ಮೆಟ್ಟಿಲಿನಲ್ಲಿ ನೀವು ಮೂಟೆಗಟ್ಟಲೆ ಕ್ರೆಡಿಟ್ ಗಳಿಸಿದರೂ ಅದು ತಾನಾಗೇ ನಾಲ್ಕೂವರೆಗೆ ಏರೋದಿಲ್ಲ. ಒಳಗೆ ಬಿಡೋದು, ಬಿಡದಿರೋದು ವಿಶ್ವವಿದ್ಯಾಲಯದ ತೀರ್ಮಾನ. 2024ರಲ್ಲಿ ಯುಜಿಸಿ ಉನ್ನತ ಶಿಕ್ಷಣದಲ್ಲಿ ಆರ್‌ಪಿಎಲ್ ತರಲು ಕರಡು ಮಾರ್ಗಸೂಚಿ ಪ್ರಕಟಿಸಿತು. ಒಳ್ಳೆಯ ಮಾತುಗಳಿವೆ. ಆದರೆ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಂಥ ಕಡೆ, ಇರುವ ಹುಡುಗರಿಗೆ ಪಾಠ ಮಾಡೋಕೇ ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಳ್ಳುವ ನಮ್ಮ ಸರ್ಕಾರಿ ಕಾಲೇಜುಗಳಲ್ಲಿ, ನಲವತ್ತು ದಾಟಿದ ಮೆಕ್ಯಾನಿಕ್ ಒಬ್ಬರನ್ನು ಕೂರಿಸಿ ಅವರಿಗೆ ಏನೇನು ಬರುತ್ತೆ ಅಂತ ಪರೀಕ್ಷಿಸುವವರು ಯಾರು? ಆ ಪ್ರಶ್ನೆಗೆ ದುಡ್ಡು ಬೇಕು, ಮಾರ್ಗಸೂಚಿ ಸಾಲದು.

ಎಲ್ಲ ಬಾಗಿಲಲ್ಲೂ ಎಸ್‌ಎಸ್‌ಎಲ್‌ಸಿ

ಕರ್ನಾಟಕದಲ್ಲಿ ಈ ಮಾತು ಕೊನೆಗೆ ಬಂದು ನಿಲ್ಲೋದು ಒಂದೇ ಕಡೆ.

2024ರ ಅಕ್ಟೋಬರ್‌ನಲ್ಲಿ ಕೆಪಿಟಿಸಿಎಲ್ 2,975 ಹುದ್ದೆಗಳಿಗೆ ಅರ್ಜಿ ಕರೆಯಿತು, ಕಿರಿಯ ಸ್ಟೇಷನ್ ಪರಿಚಾರಕರು ಮತ್ತು ಕಿರಿಯ ಪವರ್‌ಮ್ಯಾನ್. ನಮ್ಮ ಜೆಸ್ಕಾಂ ವ್ಯಾಪ್ತಿಯದೂ ಸೇರಿ. ವಿದ್ಯಾರ್ಹತೆ ಎಸ್‌ಎಸ್‌ಎಲ್‌ಸಿ. ಎಂಟು ಮೀಟರ್ ಕಂಬ ಹತ್ತಬೇಕು, ಓಡಬೇಕು, ಗುಂಡು ಎಸೆಯಬೇಕು. ಇವೆಲ್ಲ ಅರ್ಹರಾ ಅಂತ ನೋಡೋಕೆ ಮಾತ್ರ. ಆಯ್ಕೆ ನಡೆಯೋದು ಎಸ್‌ಎಸ್‌ಎಲ್‌ಸಿ ಅಂಕಗಳ ಮೇಲೆ. ಸಾಮಾನ್ಯ ವರ್ಗಕ್ಕೆ ವಯೋಮಿತಿ 35, ಪರಿಶಿಷ್ಟರಿಗೆ 40. ಊರಿನಲ್ಲಿ ವರ್ಷಗಟ್ಟಲೆ ಕಾಂಟ್ರಾಕ್ಟ್ ಮೇಲೆ ಕಂಬ ಹತ್ತಿ ತಂತಿ ಎಳೆದ ಗ್ಯಾಂಗ್‌ನವರಿಗಿಂತ, ಹತ್ತನೇ ಕ್ಲಾಸಿನಲ್ಲಿ ಸಮಾಜ ವಿಜ್ಞಾನಕ್ಕೆ ತೊಂಬತ್ತೈದು ತೆಗೆದ ಹುಡುಗ ಮುಂದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಕೆಲಸ ಬೇಕು. ಅಂಕಗಳ ಆಯ್ಕೆಯಲ್ಲಿ ಒಂದು ಒಳ್ಳೆಯದೂ ಇದೆ: ಸಂದರ್ಶನ ಇಲ್ಲ, ಲಂಚಕ್ಕೆ ಜಾಗ ಕಡಿಮೆ. ಅನುಭವಕ್ಕೆ ಅಂಕ ಅಂದ ಕೂಡಲೇ ಕಾಂಟ್ರಾಕ್ಟರ್ ಸಹಿ ಮಾಡಿದ ನಕಲಿ ಅನುಭವ ಪತ್ರಗಳ ಮಾರುಕಟ್ಟೆ ತೆರೆಯುತ್ತೆ ಅನ್ನೋ ಭಯ ಸುಳ್ಳಲ್ಲ. ಆದರೆ ಕೆಲಸ ಮಾಡಿ ತೋರಿಸು ಅನ್ನೋ ಪರೀಕ್ಷೆಗೆ ಅಂಕ ಕೊಡೋದಕ್ಕೆ ಏನಡ್ಡಿ? ಕಂಬ ಹೇಗೂ ನೆಟ್ಟಿರುತ್ತಾರೆ, ವಿಡಿಯೊ ಕ್ಯಾಮೆರಾನೂ ಇಟ್ಟಿರುತ್ತಾರೆ.

ಐಟಿಐ ಕಡೆ ಒಂದು ಕಿಂಡಿ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಕನಿಷ್ಠ ಮೂರು ವರ್ಷ ಆ ಕೆಲಸದಲ್ಲಿ ಅನುಭವ ಇರುವವರು ಐಟಿಐಗೆ ಹೋಗದೆಯೇ ಖಾಸಗಿ ಅಭ್ಯರ್ಥಿಯಾಗಿ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೆಯಬಹುದು. ಪಾಸಾದರೆ ಸಿಗೋದು ಐಟಿಐ ಹುಡುಗರಿಗೆ ಸಿಗುವ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರವೇ. ನನ್ನ ಪ್ರಕಾರ ನಮ್ಮಲ್ಲಿರುವ ಆರ್‌ಪಿಎಲ್‌ಗಳಲ್ಲೇ ಗಟ್ಟಿಯಾದದ್ದು ಇದು. ಗೇಟಿನಲ್ಲಿ "ಐಟಿಐ ಇಲ್ವಾ?" ಅಂದವರಿಗೆ ಉತ್ತರ. ಆದರೆ ಆ ಟ್ರೇಡ್‌ಗೆ ಬೇಕಾದ ಶಾಲಾ ವಿದ್ಯಾರ್ಹತೆ ಮಾತ್ರ ಇರಲೇಬೇಕು. ಎಲೆಕ್ಟ್ರಿಷಿಯನ್‌ಗೆ ಹತ್ತನೇ ಕ್ಲಾಸು, ವೈರ್‌ಮನ್‌ಗೆ ಎಂಟನೇದು. ಮಾಮ ಎಂಟು ಪಾಸಾದವರು, ವೈರ್‌ಮನ್ ಬರೆಯಬಹುದಲ್ಲ ಅಂತ ನಾನು ಕುಣಿದಾಡಿದೆ. ಅನುಭವದ ದಾಖಲೆ ಕೇಳಿದಾಗ ಸಿಕ್ಕಿಕೊಂಡೆವು. ಮಾಮನ ಅಂಗಡಿಗೆ ಮಾಮನೇ ಮಾಲೀಕ, ಮಾಮನೇ ಕೆಲಸಗಾರ. ಇವರು ನಮ್ಮಲ್ಲಿ ಇಷ್ಟು ವರ್ಷ ದುಡಿದಿದ್ದಾರೆ ಅಂತ ಬರೆದುಕೊಡೋರು ಯಾರು? ಫ್ಯಾಕ್ಟರಿಯ ದಾಖಲೆಯಲ್ಲಿ ಆರು ತಿಂಗಳಿದೆ. ಅದರಲ್ಲೂ ಹೆಲ್ಪರ್.

ಸ್ವಂತ ಅಂಗಡಿಯವರು, ಗಾರೆ ಕೆಲಸದವರು, ಬಳ್ಳಾರಿಯಲ್ಲಿ ಮನೆಯಲ್ಲೇ ಜೀನ್ಸ್ ಹೊಲಿದುಕೊಡುವ ಹೆಂಗಸರು, ಇವರೆಲ್ಲರದ್ದೂ ಇದೇ ಪಾಡು. ಕಲಿತದ್ದಕ್ಕಷ್ಟೇ ಅಲ್ಲ, ದುಡಿದದ್ದಕ್ಕೂ ಇವರ ಬಳಿ ಪುರಾವೆ ಇಲ್ಲ. ಪುರಾವೆ ಕೊಡಬಹುದಾದ ಸಂಸ್ಥೆ ಊರಲ್ಲೇ ಇದೆ, ಗ್ರಾಮ ಪಂಚಾಯಿತಿ. ಅಂಗಡಿಗೆ ಲೈಸೆನ್ಸ್ ಶುಲ್ಕ ವಸೂಲಿ ಮಾಡೋಕೆ ಪಂಚಾಯಿತಿಗೆ ಆ ಅಂಗಡಿ ಕಾಣುತ್ತೆ ಅಂದ ಮೇಲೆ, ಅನುಭವ ಪತ್ರ ಬರೆಯೋಕೂ ಕಾಣಬೇಕು.

ಹೈದರಾಬಾದ್ ಕರ್ನಾಟಕಕ್ಕೆ ಹೋರಾಡಿ ತಂದ 371ಜೆ ಇದೆಯಲ್ಲ ಅಂತ ಕೆಲವರು ಕೇಳಬಹುದು. ಅದು ಸ್ಥಳೀಯರಿಗೆ ಹುದ್ದೆಗಳಲ್ಲಿ, ಸೀಟುಗಳಲ್ಲಿ ಪಾಲು ಕೊಡುತ್ತೆ. ಪಾಲು ತಗೊಳ್ಳೋಕೆ ಕನಿಷ್ಠ ವಿದ್ಯಾರ್ಹತೆ ಇರಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯದ್ದು ಶೇ 67.43. ಹಿಂದುಳಿದಿದ್ದೇವೆ ಅಂತ ಕೊಟ್ಟ ಮೀಸಲಾತಿ, ಹಿಂದುಳಿದವರಲ್ಲೇ ಶಾಲೆ ಮುಗಿಸಿದವರ ಹತ್ತಿರ ನಿಂತುಬಿಡುತ್ತೆ.

ಹತ್ತಿ ಹೂವಿನ ಹೆಂಗಸರು

ಮಾಮನ ಕತೆ ಹೇಳೋದು ನನಗೆ ಸುಲಭ, ಮೋಟರ್ ನನ್ನ ಸಬ್ಜೆಕ್ಟು. ಇದಕ್ಕಿಂತ ನನ್ನನ್ನು ಹೆಚ್ಚು ಕಾಡೋದು ಹತ್ತಿ ಬೀಜೋತ್ಪಾದನೆಯ 'ಕ್ರಾಸಿಂಗ್' ಕೆಲಸ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರಿಗೆ ಗೊತ್ತಿರುತ್ತೆ. ನಾಳೆ ಅರಳಲಿರುವ ಮೊಗ್ಗು ಯಾವುದು ಅಂತ ಗುರುತಿಸಿ, ಇವತ್ತು ಮಧ್ಯಾಹ್ನದ ಮೇಲೆ ಅದರ ಎಸಳು, ಕೇಸರಗಳನ್ನು ಉಗುರಿನಿಂದ ಬಿಡಿಸಬೇಕು. ಒಳಗಿನ ಶಲಾಕೆಗೆ ಗಾಯ ಆಗಬಾರದು. ಗುರುತು ಕಟ್ಟಬೇಕು. ಮರುದಿನ ಬೆಳಗ್ಗೆ ಗಂಡು ಸಾಲಿನ ಹೂ ತಂದು ಪರಾಗ ಸವರಬೇಕು. ಒಂದು ಮೊಗ್ಗು ತಪ್ಪಿದರೆ ಬೀಜ ಕಲಬೆರಕೆ, ಪ್ಲಾಟೇ ರಿಜೆಕ್ಟ್. ಇದನ್ನು ಮಾಡೋರು ಬಹುಪಾಲು ಕೂಲಿ ಹೆಂಗಸರು. ಒಂದು ಕಾಲದಲ್ಲಿ ಶಾಲೆ ಬಿಡಿಸಿ ಹುಡುಗಿಯರನ್ನೂ ಕರೆದೊಯ್ಯುತ್ತಿದ್ದರು. ಅಂದ್ರೆ ಇವತ್ತಿನ ನಲವತ್ತರ ಹೆಂಗಸರಲ್ಲಿ ಕೆಲವರಿಗಾದರೂ ಎಸ್‌ಎಸ್‌ಎಲ್‌ಸಿ ಇಲ್ಲದ್ದು ಈ ಕೆಲಸ ಕಲಿತದ್ದರಿಂದಲೇ.

ಇದೇ ಎಮಾಸ್ಕ್ಯುಲೇಷನ್, ಪಾಲಿನೇಷನ್ ಬಿಎಸ್ಸಿ ಕೃಷಿಯಲ್ಲಿ ಪ್ರಾಯೋಗಿಕ ಪಾಠ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಸಿರುಗುಪ್ಪದಲ್ಲೇ ಇದೆ. ತಮಾಷೆ ಅಂದ್ರೆ, ಹೊಲದಲ್ಲಿ ಕಲಿತದ್ದಕ್ಕೆ ಅಂಕ ಕೊಡುವ ಪದ್ಧತಿ ಕರ್ನಾಟಕದ ಕೃಷಿ ಶಿಕ್ಷಣಕ್ಕೆ ಹೊಸತೇನಲ್ಲ. ಸಿಇಟಿಯಲ್ಲಿ ಕೃಷಿಕರ ಕೋಟಾ ಇದೆ, 2021ರಲ್ಲಿ ಅದನ್ನು ಶೇ 40ರಿಂದ 50ಕ್ಕೆ ಏರಿಸಿದರು. ಆ ಕೋಟಾದವರಿಗೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇರುತ್ತೆ. ಬೀಜ ತೋರಿಸಿ ಯಾವುದು ಅಂತ ಕೇಳ್ತಾರೆ, ಬೇಸಾಯದ ಸಾಮಾನು ಗುರುತಿಸು ಅಂತಾರೆ. ರೈತರ ಮಗುವಿಗೆ ಮನೆಯಲ್ಲಿ ದಕ್ಕಿದ ಜ್ಞಾನವೂ ಜ್ಞಾನವೇ ಅಂತ ಸರ್ಕಾರ ಒಪ್ಪಿಕೊಂಡಿರುವ ಅಪರೂಪದ ಜಾಗ ಇದು. ಒಪ್ಪಿದ್ದು ವಿಜ್ಞಾನ ಪಿಯುಸಿ ಮುಗಿಸಿದ ಹದಿನೆಂಟರ ಮಗುವಿಗೆ ಮಾತ್ರ. ಅದೇ ಜ್ಞಾನವನ್ನು ಮಗುವಿಗೆ ಕಲಿಸಿದ ತಾಯಿಗೆ ಆ ಹಾಲ್‌ನಲ್ಲಿ ಕುರ್ಚಿ ಇಲ್ಲ. ಬೀಜ ಕಂಪನಿಯ ಫೀಲ್ಡ್ ಸೂಪರ್‌ವೈಸರ್ ಕೆಲಸಕ್ಕೂ ಅವರನ್ನು ಕರೆಯೋದಿಲ್ಲ. ಅಲ್ಲಿಗೆ ಡಿಪ್ಲೊಮಾ ಹುಡುಗ ಬೈಕಿನಲ್ಲಿ ಬಂದು, ಅಕ್ಕಾ ಹೆಂಗೆ ಮಾಡ್ತೀರಿ ತೋರ‍್ಸಿ ಅಂತಾನೆ.

ಪದವಿ ಅಗ್ಗ ಆಗೋದಿಲ್ವಾ?

ಈ ವಿಷಯ ಎತ್ತಿದಾಗ ನನ್ನ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬಂದ ಮೊದಲ ಪ್ರಶ್ನೆ ಇದೇ. ತಳ್ಳಿಹಾಕುವ ಪ್ರಶ್ನೆಯಲ್ಲ.

ನಮ್ಮ ದೇಶದಲ್ಲಿ ಶಾಲೆ ಇಲ್ಲದೆ ಪದವಿಗೆ ಹೋಗುವ ದಾರಿ ಹಿಂದೆಯೇ ಇತ್ತು. 1985ರ ಯುಜಿಸಿ ನಿಯಮದ ಪ್ರಕಾರ, 21 ವರ್ಷ ತುಂಬಿದವರು ಹಿಂದಿನ ಯಾವ ಶಾಲಾ ದಾಖಲೆ ಇಲ್ಲದಿದ್ದರೂ ವಿಶ್ವವಿದ್ಯಾಲಯ ನಡೆಸುವ ಪ್ರವೇಶ ಪರೀಕ್ಷೆ ಪಾಸಾದರೆ ದೂರಶಿಕ್ಷಣದಲ್ಲಿ ಮೊದಲ ಪದವಿಗೆ ಸೇರಬಹುದಿತ್ತು. ಕೆಲವು ವಿಶ್ವವಿದ್ಯಾಲಯಗಳು ಇನ್ನೂ ಮುಂದೆ ಹೋಗಿ, ಪದವಿಯೇ ಇಲ್ಲದವರಿಗೆ ನೇರ ಎಂಎ ಕೊಟ್ಟವು. ತಮಿಳುನಾಡಿನ ಅಂಥದ್ದೊಂದು ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ಮೊದಲ ಪದವಿ ಇಲ್ಲದ ಎಂಎ ಹುದ್ದೆಗೆ ಲೆಕ್ಕಕ್ಕಿಲ್ಲ ಅಂದಿತು. ನಮ್ಮಲ್ಲೇ ನೋಡಿ: ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ರಾಜ್ಯದ ಹೊರಗೆ ಎಲ್ಲೆಂದರಲ್ಲಿ ಕೇಂದ್ರ ತೆರೆಯಲು ಬಿಟ್ಟು, 2015ರಲ್ಲಿ ಯುಜಿಸಿ ಮಾನ್ಯತೆ ಕಳೆದುಕೊಂಡಿತು. 2018ರಲ್ಲಿ ಮಾನ್ಯತೆ ವಾಪಸ್ ಬರುವವರೆಗೆ ಪೆಟ್ಟು ತಿಂದವರು ಕಷ್ಟಪಟ್ಟು ಓದಿದ ವಿದ್ಯಾರ್ಥಿಗಳೇ. ಬಾಗಿಲು ತೆರೆದವರು ಕಾವಲು ಮರೆತರೆ ಒಳಗೆ ಬಂದ ಬಡವರ ಕೈಲಿರುವ ಕಾಗದವೇ ಮೊದಲು ಹಾಳಾಗೋದು. ಹಾಗಾಗಿ ನಾನು ಸುಲಭ ಪರೀಕ್ಷೆ ಕೇಳುತ್ತಿಲ್ಲ. ಕಷ್ಟದ್ದೇ ಇಡಿ. ಮಾಮನ ಮುಂದೆ ಸುಟ್ಟ ಮೋಟರ್ ಇಡಿ, ಯಾಕೆ ಸುಟ್ಟಿತು ಕೇಳಿ, ಸುತ್ತಿಸಿ, ಮೆಗ್ಗರ್ ಹಿಡಿದು ನೋಡಿ. ನನ್ನ ಬ್ಯಾಚಿನವರನ್ನೂ ಪಕ್ಕದಲ್ಲಿ ಕೂರಿಸಿ, ಪದವಿ ಯಾವ ಕಡೆಯಿಂದ ಅಗ್ಗವಾಗಿದೆ ಅಂತ ಗೊತ್ತಾಗಲಿ.

ನಂಬಿಕೆಯ ವಿಚಾರದಲ್ಲಿ ನಮ್ಮ ಭಾಗಕ್ಕೆ ಒಂದು ಅನುಭವ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ಕಳಚಿ ಕೊಚ್ಚಿಹೋಯ್ತು. ಇಡೀ ಸಿರುಗುಪ್ಪದ ಭತ್ತ ಆ ನೀರಿನ ಮೇಲಿತ್ತು. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು, ಸ್ಟಾಪ್‌ಲಾಗ್ ತುಂಡುಗಳನ್ನು ಜಿಂದಾಲ್‌ನಲ್ಲಿ, ಹೊಸಪೇಟೆ ಭಾಗದ ವರ್ಕ್‌ಶಾಪ್‌ಗಳಲ್ಲಿ ಹಗಲೂರಾತ್ರಿ ಕೂತು ತಯಾರಿಸಿದರು. ಹರಿಯುವ ನೀರಿನಲ್ಲೇ ಇಳಿಸಿ ಸುಮಾರು ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಆ ವೆಲ್ಡರ್‌ಗಳು, ಫಿಟ್ಟರ್‌ಗಳು, ಕ್ರೇನಿನವರು ಎಷ್ಟನೇ ಕ್ಲಾಸು ಅಂತ ಆ ವಾರ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ಯಾರ ಕೌಶಲ, ಯಾವ ಜಾತಿಯದು?

ಮಾನ್ಯತೆ ಅನ್ನೋದು ಯಾವಾಗಲೂ ಬಿಡುಗಡೆಯೇ ಅಂತಲೂ ಅಂದುಕೊಳ್ಳಬಾರದು. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯೂ ಒಂದರ್ಥದಲ್ಲಿ ಪೂರ್ವ ಕಲಿಕೆಯ ಮಾನ್ಯತೆ. ಬಡಗಿ, ಕಮ್ಮಾರ, ಕುಂಬಾರ, ಕ್ಷೌರಿಕ, ಅಗಸ, ಚಮ್ಮಾರ, ದರ್ಜಿ ಹೀಗೆ 18 ಕಸುಬು. ಗುರುತಿನ ಚೀಟಿ, ಪ್ರಮಾಣಪತ್ರ, ಕೆಲವು ದಿನ ತರಬೇತಿ, ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಕಡಿಮೆ ಬಡ್ಡಿಯ ಸಾಲ. ದರ್ಜಿಗೆ ಹೊಸ ಮಷಿನ್ ಸಿಕ್ಕಿದ್ದರೆ ಸಂತೋಷವೇ. ಆದರೆ ಕುಟುಂಬದ ಸಾಂಪ್ರದಾಯಿಕ ಕಸುಬು ಅನ್ನೋ ಅದರ ಚೌಕಟ್ಟನ್ನು ನೋಡಿ. ಈ ಷರತ್ತು ತೆಗೆಯಿರಿ ಅಂತ ಕೇಳಿದ ತಮಿಳುನಾಡು ಸರ್ಕಾರ, 2024ರಲ್ಲಿ ಈ ರೂಪದಲ್ಲಿ ಜಾರಿ ಮಾಡೋದಿಲ್ಲ ಅಂತ ಹೇಳಿತು. ಕುಂಬಾರನನ್ನು ಒಳ್ಳೆಯ ಕುಂಬಾರ ಅಂತ ಗುರುತಿಸಿ ಅಲ್ಲೇ ಬಿಡೋದಕ್ಕೂ, ಅವರ ಮಣ್ಣಿನ ಜ್ಞಾನಕ್ಕೆ ಸೆರಾಮಿಕ್ ಡಿಪ್ಲೊಮಾದಲ್ಲಿ ಜಾಗ ಕೊಡೋದಕ್ಕೂ ಬಹಳ ದೂರ ಇದೆ. ಮೊದಲನೆಯದು ಅವರನ್ನು ಕಸುಬಿಗೆ ಕಟ್ಟಿಹಾಕುತ್ತೆ, ಎರಡನೆಯದು ಬೇಕಾದರೆ ಹೊರಗೆ ಹೋಗೋಕೂ ಬಿಡುತ್ತೆ.

ಇನ್ನು ಕರ್ನಾಟಕದ ರಾಜಕೀಯ. ಕ್ರೆಡಿಟ್ ಚೌಕಟ್ಟು ಎನ್‌ಇಪಿಯ ಜೊತೆ ಬಂದದ್ದು. ರಾಜ್ಯ ಸರ್ಕಾರ 2024ರ ಮೇನಲ್ಲಿ ನಾಲ್ಕು ವರ್ಷದ ಪದವಿ ಕೈಬಿಟ್ಟು ಮೂರು ವರ್ಷಕ್ಕೆ ವಾಪಸ್ ಬಂತು. ಸುಖದೇವ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ರಾಜ್ಯ ಶಿಕ್ಷಣ ನೀತಿಯ ವರದಿ ಕೊಟ್ಟಿತು. ಎನ್‌ಇಪಿ ವಿರೋಧಿಸಿ ಬೀದಿಗಿಳಿದವರಲ್ಲಿ ನಾನೂ ಒಬ್ಬ, ಆ ವಿರೋಧದ ಬಗ್ಗೆ ಪಶ್ಚಾತ್ತಾಪವಿಲ್ಲ. ಆದರೆ ಎನ್‌ಇಪಿಯ ಪುಟದಲ್ಲಿದೆ ಅನ್ನೋ ಒಂದೇ ಕಾರಣಕ್ಕೆ ನಮ್ಮ ಕಡೆಯವರು ಆರ್‌ಪಿಎಲ್ ಅನ್ನು ಮುಟ್ಟದೆ ಬಿಟ್ಟರೆ, ಜೋಹಾನ್ಸ್‌ಬರ್ಗ್‌ನ ಲೋಹ ಕಾರ್ಮಿಕರ ಬೇಡಿಕೆಯನ್ನು ಟ್ರೈನಿಂಗ್ ಪಾರ್ಟ್‌ನರ್‌ಗಳ ಕೈಗೆ ಕೊಟ್ಟಂತಾಗುತ್ತೆ. ವಿದ್ಯಾರ್ಥಿ ಸಂಘಟನೆಗಳು ಸ್ಕಾಲರ್‌ಶಿಪ್, ಹಾಸ್ಟೆಲ್ ಬಗ್ಗೆ ಸರಿಯಾಗಿಯೇ ಮಾತಾಡುತ್ತವೆ. ವಿದ್ಯಾರ್ಥಿಯೇ ಆಗಲಾರದವರ ಪರ ಮಾತಾಡೋದು ಯಾರ ಕೆಲಸ? ಕಾರ್ಮಿಕ ಸಂಘಗಳು ಕೂಲಿ ಏರಿಕೆ ಕೇಳುತ್ತವೆ. ದರ್ಜೆ ಮರುಪರೀಕ್ಷೆಯ ಹಕ್ಕನ್ನು, ಅಂದ್ರೆ ನನ್ನನ್ನು ಹೆಲ್ಪರ್ ಅಂತ ಬರೆದಿದ್ದೀರಿ, ಪರೀಕ್ಷೆ ಮಾಡಿ ನೋಡಿ ಅನ್ನೋ ಹಕ್ಕನ್ನು, ಯಾಕೆ ಕೇಳಬಾರದು? ಅದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಕಾರ್ಮಿಕ ಇಲಾಖೆ ಮತ್ತು ಪ್ರತಿ ತಾಲ್ಲೂಕಿನ ಸರ್ಕಾರಿ ಐಟಿಐ ಸೇರಿದರೆ ಶನಿವಾರ, ಭಾನುವಾರ ನಡೆಸಬಹುದಾದ ಪರೀಕ್ಷೆ ಅದು. ವರ್ಕ್‌ಶಾಪ್ ಅಲ್ಲೇ ಇದೆ.

ಮಾಮ ಸದ್ಯಕ್ಕೆ ಇದ್ಯಾವುದನ್ನೂ ಕಾಯುತ್ತಿಲ್ಲ. ಕರ್ನಾಟಕದಲ್ಲಿ 15 ವರ್ಷ ತುಂಬಿದ ಯಾರೇ ಆದರೂ ಖಾಸಗಿ ಅಭ್ಯರ್ಥಿಯಾಗಿ ನೇರ ಎಸ್‌ಎಸ್‌ಎಲ್‌ಸಿ ಬರೆಯಬಹುದು. ಹಳೆಯ ನಿಯಮ, ಈಗಲೂ ಇದೆ. ಮಾಮನ ಮಗಳೇ ಪುಸ್ತಕ ಹೊಂದಿಸಿಕೊಟ್ಟಿದ್ದಾಳೆ. ವಿಜ್ಞಾನದ ವಿದ್ಯುಚ್ಛಕ್ತಿ ಪಾಠ ತೆರೆದು, ಇದರಲ್ಲಿ ಓಮನ ನಿಯಮ ಬರೆದ ರೀತಿ ಬಹಳ ಸುತ್ತುಬಳಸು ಐತಿ ಅಂತ ಫೋನಿನಲ್ಲಿ ತಕರಾರು ಹೇಳಿದರು. ಕೊಟ್ಟ ತೊಂದರೆ ಇಂಗ್ಲಿಷ್ ಒಂದೇ. ಹೋದ ವಾರ ರಾತ್ರಿ ಹತ್ತೂವರೆಗೆ ಕರೆ ಬಂತು. ಹಿಂದೆ ಮೋಟರ್ ಟೆಸ್ಟಿಂಗ್ ಸದ್ದು.

"ಅಳಿಯಾ, ಪ್ಯಾಸಿವ್ ವಾಯ್ಸ್ ಅಂದ್ರ ಏನಪ್ಪಾ?"

ಕೆಲಸ ಮಾಡಿದವರ ಹೆಸರು ಹಿಂದಕ್ಕೆ ಹೋಗುತ್ತೆ ಮಾಮ, ಕೆಲಸ ಮಾತ್ರ ಮುಂದಕ್ಕೆ ಬರುತ್ತೆ ಅಂದೆ.

"ಹಂಗಾದ್ರ ಬರ್ತೈತಿ ಬಿಡು" ಅಂದು ಫೋನ್ ಇಟ್ಟರು.